ಜಯಕ್ಕನ ಪಿಕಪ್‌ನಲ್ಲಿ ಕೂತು ಹೋದ ಸೈಕಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಪದಗಳೂ ಕಡಿಮೆ. ನಮ್ಮ ಕದಿರೇನಹಳ್ಳಿ ಗ್ರಂಥಾಲಯದ ಕೈಬರಹದ ಪತ್ರಿಕೆಗೆ ನಮ್ಮ ಬೀದಿಯವರೊಬ್ಬರ ಬಗ್ಗೆ ಬರೆದುಕೊಡು ಎಂದು ಗ್ರಂಥಾಲಯ ನೋಡಿಕೊಳ್ಳುವ ಶ್ರೀದೇವಿ ಮೇಡಂ ಕೇಳಿದಾಗ, ಆಗಲ್ಲ ಎನ್ನುವುದಕ್ಕೂ ನನಗೆ ಬಾಯಿ ಬರಲಿಲ್ಲ. ಬರೆದು ಹರಿದು, ಮತ್ತೆ ಬರೆದದ್ದು ಇದು. ಎಲ್ಲಾದರೂ ಅಕ್ಷರ ತಿಳಿಯದಿದ್ದರೆ ಕ್ಷಮಿಸಿ. ಇದು ನಮ್ಮ ಎದುರು ಮನೆಯ ಜಯಕ್ಕನ ವಿಷಯ. ಅವರು ಹೇಳಿದ್ದನ್ನೂ ಅವರ ಮನೆಯ ಮೇಲೆ ಬಾಡಿಗೆಗಿರುವ ಅರ್ಪಿತ ಹೇಳಿದ್ದನ್ನೂ ಸೇರಿಸಿ ಬರೆದಿದ್ದೇನೆ.

ಜಯಕ್ಕ ಹುಟ್ಟಿದ್ದು ಸಿದ್ದಾಪುರದಲ್ಲಿ, ಲಾಲ್‌ಬಾಗ್ ಪಕ್ಕದ ನರ್ಸರಿಗಳ ನಡುವೆ. ಅವರ ಅಪ್ಪ ಹೂಕುಂಡಗಳನ್ನು ಮನೆಮನೆಗೆ ತಲುಪಿಸುವ ಟೆಂಪೋ ಇಟ್ಟಿದ್ದರು. ಓರಗೆಯ ಹುಡುಗಿಯರು ಸ್ಕೂಟಿ ಕಲಿಯುವ ಹೊತ್ತಿಗೆ ಜಯಕ್ಕ ಟೆಂಪೋ ಕಲಿತರು. ಹಿಂದೆ ಗುಲಾಬಿ ಕುಂಡ ತುಂಬಿರುವಾಗ ಬ್ರೇಕನ್ನು ಹೇಗೆ ತುಳಿಯಬೇಕು ಎಂಬುದು ಅವರ ಕಾಲಿಗೇ ಗೊತ್ತು. ಮದುವೆಯಾಗಿ ಬಂದದ್ದು ಕದಿರೇನಹಳ್ಳಿಯ ಹಳೇ ಮನೆಗೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಮನೆತನ ಅದು. ಹೊಲವೆಲ್ಲ ಬಡಾವಣೆಯಾದ ಮೇಲೆ ಉಳಿದ ಜಾಗದಲ್ಲಿ ಮನೆ ಮೇಲಕ್ಕೆದ್ದಿತು. ಕೆಳಗೆ ಶಾಮಿಯಾನದ ಗೋಡೌನು, ಮೇಲೆ ಬಾಡಿಗೆಯವರು. ಗಂಡ ನಿಂಗರಾಜ ಕಂಬ ನೆಟ್ಟು ಶಾಮಿಯಾನ ಎಬ್ಬಿಸುವುದರಲ್ಲಿ ಗಟ್ಟಿಗರು, ಆದರೆ ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುತ್ತದೆ. ಬನಶಂಕರಿ ಬಸ್ ಸ್ಟ್ಯಾಂಡಿನ ಮುಂದೆ ಒಮ್ಮೆ ಗಾಡಿ ಆಫ್ ಮಾಡಿಕೊಂಡು ಎಲ್ಲರಿಂದ ಬೈಸಿಕೊಂಡು ಬಂದವರು ಕೀಲಿಯನ್ನು ಹೆಂಡತಿಯ ಮುಂದೆ ಇಟ್ಟರು.

"ಕಂಬ ನಿಮ್ದು, ಗಾಡಿ ನಂದು. ಮುಗೀತು," ಎಂದರು ಜಯಕ್ಕ. ಅಂದಿನಿಂದ ಪಿಕಪ್ ಅವರದೇ.

ವರ್ಷವೆಲ್ಲ ಕುರ್ಚಿ, ಪಾತ್ರೆ, ಗಾದಿ ಸಾಗಿಸುವ ಆ ಪಿಕಪ್ಪು ಗಣೇಶನ ಹಬ್ಬ ಹತ್ತಿರ ಬಂದಾಗ ಬೇರೆಯೇ ಆಗುತ್ತದೆ. ಬೀದಿ ಬೀದಿಯ ಸಂಘದವರಿಗೆ ಮೂರ್ತಿ ತಂದುಕೊಡುವುದು ಆ ಮನೆಯವರಿಗೆ ಎತ್ತಿನಗಾಡಿಯ ಕಾಲದಿಂದ ಬಂದ ಕೆಲಸ. ಜಯಕ್ಕನ ಮಾವ ಬೋರಯ್ಯನವರು ಇದರಲ್ಲಿ ಬಹಳ ಬಿಗಿ. ಮೂರ್ತಿಯ ಮೈಗೆ ಹಗ್ಗ ತಾಗಬಾರದು. ಮೂರ್ತಿಯನ್ನು ಮಲಗಿಸಬಾರದು. ಅದು ಕೂತ ಮಣೆಯನ್ನು ಗಾಡಿಗೆ ಕಟ್ಟಬೇಕು, ದೇವರನ್ನಲ್ಲ. ಸುತ್ತ ಭತ್ತದ ಹೊಟ್ಟಿನ ಮೂಟೆ ಇಡಬೇಕು. ಗಾಡಿ ಎಲ್ಲೇ ನಿಲ್ಲಲಿ, ಒಬ್ಬರು ದೇವರ ಪಕ್ಕ ಇರಲೇಬೇಕು, ಟೀ ಕುಡಿಯುವುದಕ್ಕೂ ಎಲ್ಲರೂ ಒಟ್ಟಿಗೆ ಇಳಿಯುವಂತಿಲ್ಲ.

ಇನ್ನೊಂದು ನಿಯಮವೂ ಇದೆ. ಗಣೇಶನ ಇಲಿ ಬೇರೆ ಇರುತ್ತದೆ, ಅದನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಒಂದು ವರ್ಷ ವಿಲ್ಸನ್ ಗಾರ್ಡನ್ನಿಗೆ ಮೂರ್ತಿ ತಲುಪಿಸಿದಾಗ ಇಲಿ ಮಾತ್ರ ಮೂರ್ತಿ ಮಾಡುವವರ ಅಂಗಳದಲ್ಲೇ ಉಳಿದಿತ್ತು. ಪುರೋಹಿತರು ಮುಹೂರ್ತ ಮೀರಿತು ಎಂದು ಗೊಣಗುತ್ತಾ ಕೂತರು. ಬೋರಯ್ಯನವರು ಟ್ರಾಫಿಕ್ಕಿನಲ್ಲಿ ಹೋಗಿ, ಇಲಿಯನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಬಂದರು. ಅಂದಿನಿಂದ ಆ ಮನೆಯವರು ಯಾವ ಸಾಮಾನು ಹೇರಲಿ, ಕೀಲಿ ತಿರುಗಿಸುವ ಮುನ್ನ "ಇಲಿ ಬಂತಾ?" ಎಂದು ಕೇಳುತ್ತಾರೆ. ಸಣ್ಣ ಸಾಮಾನು ನೋಡಿಕೊಂಡವರು "ಬಂತು" ಎನ್ನಬೇಕು. ಆಮೇಲೆಯೇ ಗಾಡಿ ಹೊರಡುವುದು. ಮದುವೆ ಮನೆಯ ಸೌಟುಗಳಿಗೂ ಆ ಮನೆಯಲ್ಲಿ ಇಲಿ ಎಂದೇ ಹೆಸರು.

ಮೇಲಿನ ಮನೆಗೆ ಸಿದ್ದಲಿಂಗಯ್ಯನವರ ಸಂಸಾರ ಬಂದು ಕೆಲವು ವರ್ಷವಾಯಿತು. ಜಮಖಂಡಿ ಕಡೆಯ ಲಿಂಗಾಯತರು. ಜಯನಗರದಲ್ಲಿ ಅವರದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಅಂಗಡಿ. ಮಗಳು ಅರ್ಪಿತ ಸೈಕಲ್ ರೇಸಿನ ಹುಡುಗಿ. ಅವರ ಊರ ಕಡೆ ಸೈಕಲ್ ಎಂದರೆ ಹುಚ್ಚು, ಅದು ಇಲ್ಲಿಗೂ ಅವರ ಜೊತೆ ಬಂದಿದೆ. ಅಂಗಡಿ ದೊಡ್ಡದು ಮಾಡಬೇಕು ಎಂದುಕೊಂಡಿದ್ದ ಸಿದ್ದಲಿಂಗಯ್ಯನವರು ಅದನ್ನು ಬಿಟ್ಟು, ರೇಸು ನಿಲ್ಲಿಸಿದ ಒಬ್ಬ ಆಟಗಾರ್ತಿಯಿಂದ ಕಾರ್ಬನ್ನಿನ ಸೈಕಲ್ ಕೊಂಡು ತಂದರು. ಎರಡು ಬೆರಳಲ್ಲಿ ಎತ್ತಬಹುದಾದ ಕಪ್ಪು ಸೈಕಲ್. ಅದು ಮಲಗುವುದು ಅರ್ಪಿತಳ ಮಂಚದ ಪಕ್ಕದಲ್ಲೇ. ನಮ್ಮ ಬೀದಿಯವರು ಅದನ್ನು ಮುಟ್ಟಬೇಕಾದರೆ ಕೈ ಒರೆಸಿಕೊಂಡು ಮುಟ್ಟುತ್ತಾರೆ.

ದೇವನಹಳ್ಳಿ ಆಚೆ ಒಂದು ಪಂದ್ಯವಿತ್ತು. ಅಲ್ಲಿಗೆ ಸೈಕಲ್ ಒಯ್ಯುವುದು ಹೇಗೆ ಎಂದು ಸಿದ್ದಲಿಂಗಯ್ಯನವರು ಯೋಚಿಸುತ್ತಿದ್ದಾಗ ಜಯಕ್ಕ ತಾವೇ ಹೇಳಿದರು: "ನಮ್ಮ ಗಾಡಿ ಇರೋವಾಗ ಬೇರೆಯವ್ರನ್ನ ಯಾಕೆ ಕೇಳ್ತೀರಾ ಅಣ್ಣಾ? ಮಗು ಥರ ಕರ್ಕೊಂಡು ಹೋಗ್ತೀನಿ."

"ಮೇಲಿಂದ ಹಗ್ಗ ಮಾತ್ರ ಬಿಗೀಬೇಡಿ ಆಂಟಿ," ಎಂದಿದ್ದಳು ಅರ್ಪಿತ. "ಕಾರ್ಬನ್ ಅಲ್ವಾ, ಒತ್ತಿದ್ರೆ ಒಳಗೇ ಬಿರುಕು ಬಿಡುತ್ತೆ. ಹೊರಗೆ ಕಾಣಲ್ಲ."

ಆ ಮಾತನ್ನು ಜಯಕ್ಕ ಪಾಲಿಸಿದರು. ಹಗ್ಗ ಬೇಡವೆಂದರೆ ಏನು ಮಾಡಬೇಕು? ಶಾಮಿಯಾನದವರಿಗೆ ಬೆಲೆಬಾಳುವ ಸಾಮಾನು ಎಂದರೆ ಗಾದಿಯೇ ಗತಿ. ಮದುವೆಯ ದೀಪದ ಕಂಬಗಳನ್ನು ಅವರು ಸಾಗಿಸುವುದು ಹಾಗೆಯೇ. ಅರ್ಪಿತ ಮೇಲೆ ಬಟ್ಟೆ ಬದಲಿಸುತ್ತಿರುವಾಗ, ಜಯಕ್ಕ ಪಿಕಪ್ಪಿನಲ್ಲಿ ಗಾದಿಯ ಮೇಲೆ ಗಾದಿ ಹಾಸಿ, ಒಗೆದ ಬೆಡ್‌ಶೀಟ್ ಹೊದಿಸಿ, ಸೈಕಲ್ಲನ್ನು ಮೆಲ್ಲಗೆ ಮಲಗಿಸಿದರು. ಗೇರು, ಚೈನು ಇರುವ ಬದಿ ನಾಜೂಕಿನದು, ಅದು ಮೆತ್ತಗಿರಲಿ ಎಂದು ಅದನ್ನೇ ಗಾದಿಗೆ ಆನಿಸಿದರು. ಮೇಲೊಂದು ಕಂಬಳಿಯನ್ನೂ ಹೊದಿಸಿದರು.

ಗಾದಿ ಎಷ್ಟೇ ದಪ್ಪವಿರಲಿ, ಹಂಪಿನ ಮೇಲೆ ಹಾರಿ ಬಿದ್ದಾಗ ಅಡಿಯ ಕಬ್ಬಿಣಕ್ಕೆ ತಾಗಿಯೇ ತಾಗುತ್ತದೆ. ಹಿಂದಿನ ಗೇರು ನೇತಾಡುವ ಬೆರಳಷ್ಟು ದೊಡ್ಡ ಕೊಂಡಿಯೊಂದು ಒಳಕ್ಕೆ ಬಾಗಿತ್ತು. ಅದು ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಪಂದ್ಯದ ಏರು ಬಂದಾಗ ಅರ್ಪಿತ ಗೇರು ಬದಲಿಸಿದಳು, ಚೈನು ಜಾರಿ ಸಿಕ್ಕಿಕೊಂಡಿತು. ಉಳಿದವರು ಏರು ಹತ್ತಿ ಮರೆಯಾದರು. ಇವಳು ಸೈಕಲ್ ತಳ್ಳಿಕೊಂಡು ಹತ್ತಿದಳು.

ಜಯನಗರದ ಮೆಕ್ಯಾನಿಕ್ ಕೊಂಡಿಯನ್ನು ನೆಟ್ಟಗೆ ಮಾಡಿಕೊಟ್ಟು, ಇನ್ನೊಂದು ಸಲ ಬಾಗಿದರೆ ಮುರಿಯುತ್ತದೆ ಎಂದ. ಅರ್ಪಿತ ಜಯಕ್ಕನನ್ನು ಬೈಯಲೂ ಇಲ್ಲ. ಜಯಕ್ಕನಿಗೆ ಅದೇ ಕಷ್ಟವಾಯಿತು.

ಮುಂದಿನ ತಿಂಗಳು ಮೈಸೂರಿನಲ್ಲಿ ರಾಜ್ಯ ತಂಡದ ತರಬೇತಿ ಶಿಬಿರಕ್ಕೆ ಆಯ್ಕೆ ಪಂದ್ಯವಿತ್ತು. ಅರ್ಪಿತಳಿಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಶನಿವಾರ ಸಂಜೆ ನಾಲ್ಕರೊಳಗೆ ಸೈಕಲ್ಲನ್ನು ಪರೀಕ್ಷೆಗೆ ತೋರಿಸಬೇಕು, ಹಾಗೆ ತೋರಿಸದವರಿಗೆ ಭಾನುವಾರ ಪಂದ್ಯಕ್ಕೆ ಬಿಡುವುದಿಲ್ಲ. ಜಯಕ್ಕ ಮೆಟ್ಟಿಲು ಹತ್ತಿ ಹೋಗಿ, "ಮೈಸೂರಿಗೆ ನಾನೇ ಬರ್ತೀನಿ," ಎಂದರು.

ಸಿದ್ದಲಿಂಗಯ್ಯನವರು ಚಟ್ನಿಪುಡಿಯ ಪ್ಯಾಕೆಟ್ಟುಗಳನ್ನು ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಅಕ್ಕಾರ, ನಿಮ್ ಮ್ಯಾಲ ಸಿಟ್ಟಿಲ್ರಿ, ಖರೇ ಹೇಳ್ತೀನಿ. ಆದ್ರ ಈ ಸಲ ಬ್ಯಾಡ್ರಿ. ಬ್ಯಾರೆ ವ್ಯಾನ್ ನೋಡೀನಿ."

"ವ್ಯಾನ್‌ನೋರು ಹೇಗೆ ಇಡ್ತಾರಂತೆ?"

"ಹೆಂಗರೆ ಇಡ್ತಾರ್ರಿ. ಗಾದಿ ಮ್ಯಾಲ ಅಂತೂ ಮಲಗ್ಸಂಗಿಲ್ಲ."

ಜಯಕ್ಕ ಕೆಳಗೆ ಬಂದು ಜಗಲಿಯ ಮೇಲೆ ಕೂತರು. ಬೋರಯ್ಯನವರು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದರು. ಸೊಸೆಯ ಮುಖ ನೋಡಿ ವಿಷಯ ತಿಳಿದುಕೊಂಡರು.

"ಅಲ್ಲ ಕಣಮ್ಮ, ಅಷ್ಟು ವರ್ಷದಿಂದ ನಮ್ಮ ಮನೇಲಿದ್ದೀಯ. ಗಣೇಶನ್ನ ಯಾವತ್ತಾದ್ರೂ ಮಲಗಿಸ್ಕೊಂಡು ಬಂದಿದ್ದೀಯೇನು?"

"ಸೈಕಲ್ಲು ಗಣೇಶನಾ ಮಾವ?"

"ನಿಂಗಲ್ಲ. ಆ ಹುಡುಗೀಗೆ ಹೌದು," ಎಂದು ಬೋರಯ್ಯನವರು ಸಿಪ್ಪೆಯನ್ನು ಮೊರದಿಂದಾಚೆಗೆ ಎಸೆದರು.

ಜಯಕ್ಕ ಎದ್ದು ಗೋಡೌನಿಗೆ ಹೋದರು. ಕೂರಿಸಬೇಕು, ಮಲಗಿಸಬಾರದು. ಮಣೆಗೆ ಕಟ್ಟಬೇಕು, ಮೈಗೆ ಕಟ್ಟಬಾರದು. ಹಾಗಾದರೆ ಸೈಕಲ್ಲಿಗೆ ಮಣೆ ಯಾವುದು? ಮೂರ್ತಿ ತರುವ ಹಲಸಿನ ಮಣೆಗೆ ಕೈ ಹಾಕಿದಾಗ ಜಗಲಿಯಿಂದಲೇ ಕೂಗು ಬಂತು: "ಅದಕ್ಕೆ ತೂತು ಹೊಡೆದ್ರೆ ನನ್ನ ಕೇಳ್ಬೇಡ ಮತ್ತೆ." ಜಯಕ್ಕ ಅದನ್ನು ಬಿಟ್ಟು, ಮದುವೆ ಊಟದ ಟೇಬಲ್ಲಿನ ಉದ್ದ ಹಲಗೆಯೊಂದನ್ನು ಹೊತ್ತು ಸಾರಕ್ಕಿ ಕಡೆಯ ವೇಣುವಿನ ವೆಲ್ಡಿಂಗ್ ಅಂಗಡಿಗೆ ಹೋದರು. ಶಾಮಿಯಾನದ ಕಂಬಗಳನ್ನು ರಿಪೇರಿ ಮಾಡಿಕೊಡುವವನು ಅವನೇ. ಜೊತೆಗೆ ಅರ್ಪಿತಳನ್ನೂ ಕರೆದಿದ್ದರು. ಅವಳು ಬಂದಳು, ಆದರೆ ಸೈಕಲ್ಲನ್ನು ಬಿಟ್ಟು ಅದರ ಮುಂದಿನ ಗಾಲಿಯನ್ನು ಮಾತ್ರ ತಂದಿದ್ದಳು.

"ಏನ್ ಜಯಕ್ಕ, ಸೈಕಲ್‌ಗೆ ಸಿಂಹಾಸನನಾ?" ಎಂದ ವೇಣು, ಕನ್ನಡಕವನ್ನು ಹಣೆಗೇರಿಸಿ.

"ಹೂಂ. ನಿನ್ ಕೈಲಿ ಆಗುತ್ತಾ, ಗಿರಿನಗರದಲ್ಲಿ ಕೇಳ್ಲಾ?"

"ಅಯ್ಯೋ, ಗಿರಿನಗರದವ್ರು ಸಿಂಹಾಸನ ಮಾಡಿದ್ರೆ ನಾನೆಲ್ಲಿ ಕೂರ್ಲಿ? ಕೊಡಿ ಇಲ್ಲಿ."

ಅರ್ಪಿತ ಹೇಳಿಕೊಟ್ಟಳು. ಆ ಸೈಕಲ್ಲಿನ ಮುಂದಿನ ಗಾಲಿ ಒಂದು ಉದ್ದ ಸರಳಿನಿಂದ ನಿಂತಿರುತ್ತದೆ. ಸರಳು ತಿರುಗಿಸಿ ಎಳೆದರೆ ಗಾಲಿ ಕೈಗೆ ಬರುತ್ತದೆ. ಗಾಲಿಯ ನಡುಭಾಗದಷ್ಟೇ ಅಗಲದ ಒಂದು ಉಕ್ಕಿನ ಕೊಳವೆಯನ್ನು ಹಲಗೆಯ ಮೇಲೆ ಭದ್ರವಾಗಿ ಕೂರಿಸಿದರೆ, ಗಾಲಿ ಇದ್ದ ಜಾಗಕ್ಕೆ ಆ ಕೊಳವೆ ಬಂದು, ಅದರೊಳಗೆ ಅದೇ ಸರಳು ತೂರಿ ಸೈಕಲ್ ನಿಲ್ಲುತ್ತದೆ. ಬೇರೆಲ್ಲೂ ಬಿಗಿಯಬೇಕಾಗಿಲ್ಲ. ಹಿಂದಿನ ಗಾಲಿ ಅಲುಗದಂತೆ ಹಲಗೆಗೆ ಒಂದು ಪಟ್ಟಿ ಸುತ್ತಿದರೆ ಸಾಕು. ಪಟ್ಟಿಗೆ ಜಯಕ್ಕ ಹಳೇ ಮಂಚದ ನವಾರು ಬಿಚ್ಚಿದರು. ಕಳ್ಳರ ಭಯಕ್ಕೆ ಒಂದು ಸರಪಳಿ ಬೇಕಿತ್ತು. ಸರಪಳಿ ಸೈಕಲ್ಲಿನ ಮೈ ಕೆರೆಯಬಾರದೆಂದು ಅದನ್ನು ಹಳೇ ಟ್ಯೂಬಿನೊಳಗೆ ತೂರಿಸಿದರು. ವೇಣು ಮೊದಲು ಮಾಡಿದ ಕೊಳವೆ ಕೂದಲೆಳೆಯಷ್ಟು ಸಣ್ಣದಾಯಿತು. ಗೊಣಗುತ್ತಾ ಇನ್ನೊಂದು ಕತ್ತರಿಸಿದ.

ಎಲ್ಲ ಆದ ಮೇಲೆ ಜಯಕ್ಕ ಮತ್ತೆ ಮೆಟ್ಟಿಲು ಹತ್ತಿದರು. "ಅಣ್ಣಾ, ಒಂದ್ ರೌಂಡು ಬನ್ನಿ. ನೋಡ್ಬಿಟ್ಟು ಬೇಡ ಅಂದ್ರೆ ನಾನೇ ಆ ವ್ಯಾನಿಗೆ ಹತ್ತಿಸಿಕೊಡ್ತೀನಿ."

ಸಿದ್ದಲಿಂಗಯ್ಯನವರು ಮಗಳ ಮುಖ ನೋಡಿದರು. ಅರ್ಪಿತ ಆಗಲೇ ಸೈಕಲ್ ಎತ್ತಿಕೊಂಡಿದ್ದಳು.

ಪೈಪು ಹಾಕಲು ಅಗೆದು ಮುಚ್ಚಿದ ರಸ್ತೆಯೇ ಬೇಕೆಂದು ಜಯಕ್ಕ ಗಿರಿನಗರದ ಕಡೆಗೆ ತಿರುಗಿಸಿದರು. ಸಿದ್ದಲಿಂಗಯ್ಯನವರು ರಸ್ತೆಗೆ ಬೆನ್ನು ಹಾಕಿ, ಹಿಂದಿನ ಗಾಜಿನಿಂದ ಸೈಕಲ್ಲನ್ನೇ ನೋಡುತ್ತಿದ್ದರು. ಮೊದಲ ಹಂಪು ದಾಟಿದಾಗ ಸೈಕಲ್ ಹಲಗೆಯ ಮೇಲೆ ಗಟ್ಟಿಯಾಗಿ ನಿಂತಿತ್ತು, ಆದರೆ ಹಲಗೆಯೇ ಗಾಡಿಯಲ್ಲಿ ಜಾರಿ ಬದಿಗೆ ಬಡಿಯಿತು.

"ನಿಲ್ಲಸ್ರಿ, ನಿಲ್ಲಸ್ರಿ," ಎಂದು ಅವರು ಬಾಗಿಲಿನ ಹಿಡಿಗೆ ಕೈ ಹಾಕಿದರು.

ಜಯಕ್ಕ ನಿಲ್ಲಿಸಿದರು. ಇಳಿದು ನೋಡಿದರು. ಸೈಕಲ್ಲಿಗೆ ಏನೂ ಆಗಿರಲಿಲ್ಲ. "ಮಣೆ ಕಟ್ಟೋದು ಮರೆತೆ. ಮಾವಂಗೆ ಗೊತ್ತಾದ್ರೆ ಊಟ ಹಾಕಲ್ಲ," ಎಂದು ಗಾಡಿಯನ್ನು ನಡಿಗೆಯ ವೇಗದಲ್ಲಿ ಮನೆಗೆ ತಂದರು. ಗಾಡಿಯ ಬದಿಯ ಕೊಕ್ಕೆಗಳಿಂದ ಹಲಗೆಯ ನಾಲ್ಕು ಮೂಲೆಗೂ ಹಗ್ಗ ಬಿಗಿದರು, ಸಂದಿಗೆ ಮರದ ಬೆಣೆ ಹೊಡೆದರು, ಸುತ್ತ ಹೊಟ್ಟಿನ ಮೂಟೆ ಒತ್ತಿದರು. ಮತ್ತೆ ಅದೇ ರಸ್ತೆ, ಅದೇ ಹಂಪು. ಈ ಸಲ ಸಿದ್ದಲಿಂಗಯ್ಯನವರು ಗಾಜಿನಿಂದ ನೋಡಿ ನೋಡಿ ಕುತ್ತಿಗೆ ನೋವು ಬಂದು ಮುಂದಕ್ಕೆ ತಿರುಗಿದರು.

"ಆತು ಬಿಡ್ರಿ, ನೀವ ಬರ್ರಿ," ಎಂದರು ಮನೆ ಬಂದಾಗ. "ಆದ್ರ ಮುಂದಿನ ಗಾಲಿ ನನ್ ತೊಡಿ ಮ್ಯಾಲ ಇರ್ತೈತಿ. ಅದನ್ನ ಯಾರಿಗೂ ಕೊಡಂಗಿಲ್ಲ."

"ಗಾಲೀನೂ ಹಿಂದೇನೇ ಇರ್ಲಿ ಅಣ್ಣಾ, ಮೂಟೆ ಮಧ್ಯ ಇಟ್ಟು ಸರಪಳಿ ಹಾಕ್ತೀನಿ."

"ಊಹೂಂ."

ಜಯಕ್ಕನಿಗೆ ಅದು ಸರಿ ಎನಿಸಲಿಲ್ಲ. ಆದರೆ ಅಪ್ಪನ ಜೀವ, ಅಷ್ಟಾದರೂ ಕೈಯಲ್ಲಿರಲಿ ಎಂದು ಒಪ್ಪಿಕೊಂಡರು.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರು. ಜಯಕ್ಕ ಸ್ಟೇರಿಂಗ್ ಹಿಡಿದರು, ನಡುವೆ ಅರ್ಪಿತ, ಆಚೆ ತುದಿಯಲ್ಲಿ ಸಿದ್ದಲಿಂಗಯ್ಯನವರು, ಅವರ ತೊಡೆಯ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಗಾಲಿ. ಬೋರಯ್ಯನವರು ಗಾಡಿಯ ಸುತ್ತ ಒಂದು ಬಾರಿ ಬಂದು, ಹಲಗೆಯ ಹಗ್ಗಗಳನ್ನು ಮಿಡಿದು ನೋಡಿದರು. ಸೈಕಲ್ಲನ್ನು ಮಾತ್ರ ಮುಟ್ಟಲಿಲ್ಲ.

"ಇಲಿ ಬಂತಾ?" ಎಂದರು ಜಯಕ್ಕ.

"ಏನ್ರೀ?" ಎಂದರು ಸಿದ್ದಲಿಂಗಯ್ಯನವರು.

ಅರ್ಪಿತ ನಗುತ್ತಾ, "ಬಂತು ಅನ್ನಪ್ಪ. ಗಾಲಿ ಕೇಳ್ತಿದ್ದಾರೆ," ಎಂದಳು.

"ಬಂತ್ರಿ, ಬಂತು," ಎಂದು ಅವರು ಗಾಲಿಯನ್ನು ತಟ್ಟಿ ತೋರಿಸಿದ ಮೇಲೆ ಜಯಕ್ಕ ಕೀಲಿ ತಿರುಗಿಸಿದರು.

ದಾರಿ ಚೆನ್ನಾಗಿಯೇ ಸಾಗಿತು. ಬಿಡದಿ ದಾಟುವ ಹೊತ್ತಿಗೆ ಸಿದ್ದಲಿಂಗಯ್ಯನವರು ಹಿಂದಕ್ಕೆ ನೋಡುವುದನ್ನು ಬಿಟ್ಟು ಜಮಖಂಡಿಯ ಸೈಕಲ್ ಕತೆಗಳನ್ನು ಹೇಳತೊಡಗಿದರು. ಅವರು ಚಿಕ್ಕವರಿದ್ದಾಗ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನಲ್ಲೇ ಪಂದ್ಯಕ್ಕೆ ಹೋಗಿ, ಕ್ಯಾನು ಬಿಚ್ಚಲು ಮರೆತು ಓಡಿಸಿದವನೊಬ್ಬನಿದ್ದನಂತೆ. ಗೆದ್ದನಾ ಎಂದು ಜಯಕ್ಕ ಕೇಳಿದ್ದಕ್ಕೆ, "ಗೆದ್ದ್ರಿ, ಆದ್ರ ಹಾಲು ಮಜ್ಜಿಗಿ ಆಗಿತ್ತು," ಎಂದರು.

ಚನ್ನಪಟ್ಟಣದಾಚೆ ಹಳೇ ರಸ್ತೆಯ ಬದಿಯ ಒಂದು ಹೋಟೆಲಿನ ಮುಂದೆ ನಿಂತರು. ಅಪ್ಪ ಮಗಳು ಗಾಲಿಯನ್ನೂ ಎತ್ತಿಕೊಂಡು ಊಟಕ್ಕೆ ಹೋದರು. ಜಯಕ್ಕ ಹೋಗಲಿಲ್ಲ. ಗಾಡಿಯ ಹಿಂಬಾಗಿಲ ಮೇಲೆ ಸೈಕಲ್ಲಿನ ಪಕ್ಕ ಕೂತು, ಮನೆಯಿಂದ ತಂದ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಬಂದು ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬರು ಫೋಟೋ ತೆಗೆದರು. ಇನ್ನೊಬ್ಬರು, "ಎತ್ತಿ ನೋಡ್ಲಾ ಅಕ್ಕ, ಎಷ್ಟು ಹಗುರ ಅಂತ?" ಎಂದರು.

"ದೂರದಿಂದ ನೋಡಿ ಅಣ್ಣ. ಬೇಕಾದ್ರೆ ಕೈ ಮುಗೀರಿ," ಎಂದರು ಜಯಕ್ಕ, ತುತ್ತು ಬಾಯಿಗಿಡುತ್ತಾ.

ಅಷ್ಟರಲ್ಲಿ ಪ್ರವಾಸಿ ಬಸ್ಸೊಂದು ಬಂದು ಹಾರ್ನು ಹೊಡೆಯಿತು. ಹೋಟೆಲಿನ ಕಾವಲಿನವನು ಸೀಟಿ ಊದಿ, ಪಿಕಪ್ ತೆಗೆಯಿರಿ ಎಂದು ಕೈ ಬೀಸಿದ. ಊಟ ಮುಗಿಸಿದ ಅಪ್ಪ ಮಗಳು ಆಗಲೇ ಬರುತ್ತಿದ್ದರು. ಸಿದ್ದಲಿಂಗಯ್ಯನವರ ಒಂದು ಕೈಯಲ್ಲಿ ವಡೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಕಿವಿಗಿಟ್ಟ ಫೋನು. ಅಂಗಡಿಯಲ್ಲಿ ರೊಟ್ಟಿ ಖಾಲಿಯಾಗಿ ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ ಎಂಬ ಸುದ್ದಿ. ಅರ್ಪಿತ, ಸಕ್ಕರೆ ಕಾಯಿಲೆ ಇಟ್ಟುಕೊಂಡು ಜಾಮೂನು ತಿಂದರು ಎಂದು ಅಪ್ಪನ ಮೇಲೆ ಸಿಡುಕುತ್ತಾ ಹತ್ತಿದಳು. ಬಸ್ಸು ಮತ್ತೆ ಹಾರ್ನು ಹೊಡೆಯಿತು. ಜಯಕ್ಕ ಗಾಡಿ ತೆಗೆದರು.

ಮದ್ದೂರು ದಾಟಿ ಸ್ವಲ್ಪ ದೂರ ಹೋಗಿದ್ದರು. ಏನೋ ಒಂದು ಹೊಂದುತ್ತಿಲ್ಲ ಎಂದು ಜಯಕ್ಕನಿಗೆ ಅನಿಸುತ್ತಲೇ ಇತ್ತು. ಬ್ರೇಕು ಸರಿಯಿದೆ, ಕನ್ನಡಿಯಲ್ಲಿ ಸೈಕಲ್ ನಿಂತಿದೆ. ಆಮೇಲೆ ಹೊಳೆಯಿತು, ಹೊರಡುವಾಗ ಕೇಳಿರಲಿಲ್ಲ.

"ಅಣ್ಣಾ, ಇಲಿ ಬಂತಾ?"

ಸಿದ್ದಲಿಂಗಯ್ಯನವರು ಫೋನನ್ನು ಕಿವಿಯಿಂದ ಇಳಿಸಿದರು. ತೊಡೆ ನೋಡಿಕೊಂಡರು. ಅಲ್ಲಿ ವಡೆಯ ಪೊಟ್ಟಣವಿತ್ತು.

"ಟೇಬಲ್ ಬುಡಕ ಇಟ್ಟಿದ್ನಿ," ಎಂದರು. "ಯಾರರೆ ತುಳದಾರು ಅಂತ ಒಳಗ ಸರಿಸಿ ಇಟ್ಟಿದ್ನಿ."

ಬೇರೆ ಗಾಲಿ ಇರಲಿಲ್ಲ. ಅಂಥ ಗಾಲಿ ಶನಿವಾರ ಮಧ್ಯಾಹ್ನ ದಾರಿಯಲ್ಲಿ ಸಿಗುವಂಥದ್ದೂ ಅಲ್ಲ. ಅರ್ಪಿತ ಎರಡೂ ಕೈಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದಳು. ಜಯಕ್ಕ ಮುಂದಿನ ತಿರುವಿನಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸಿದರು. ಆ ಕಡೆಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು, ಹೋಟೆಲು ಮುಗಿಯದಷ್ಟು ದೂರ ಎನಿಸಿತು.

"ಜಲ್ದಿ ಹೊಡೀರಿ ಅಕ್ಕಾರ. ಬಾಜೂಕ ಮಣ್ಣಿನ ದಾರಿ ಐತಲ್ರಿ, ಅಲ್ಲಿಂದ ಹೋಗ್ರಿ."

ಮಣ್ಣಿನ ದಾರಿಯ ತುಂಬಾ ಹೊಂಡಗಳಿದ್ದವು. ಜಯಕ್ಕ ಅದನ್ನೊಮ್ಮೆ ನೋಡಿದರು, ಕನ್ನಡಿಯಲ್ಲಿ ಸೈಕಲ್ಲನ್ನೊಮ್ಮೆ ನೋಡಿದರು.

"ಇಲ್ಲ ಅಣ್ಣಾ."

"ಯಾರರೆ ಗಾಲಿ ಒಯ್ದ್ರ ಏನ್ ಮಾಡೂದ್ರಿ?"

"ಹಿಂದೆ ಇರೋದು ಮುರಿದ್ರೆ ಗಾಲಿ ತಗೊಂಡು ಏನ್ ಮಾಡ್ತೀರಾ? ಒಂದ್ ಸಲ ನನ್ನಿಂದ ಕೆಟ್ಟಿದೆ. ಇನ್ನೊಂದ್ ಸಲ ಕೆಡೋಕೆ ಬಿಡಲ್ಲ. ಗಾಲಿ ಇದ್ರೆ ಇರುತ್ತೆ."

ಸಿದ್ದಲಿಂಗಯ್ಯನವರಿಗೆ ಸಿಟ್ಟು ಬಂತು. ಬಾಯಿ ತೆರೆದರು. ಆಗ ಅರ್ಪಿತ, "ಅಪ್ಪ, ಆಂಟಿ ಹೇಳಿದ್ದು ಸರಿ. ಸುಮ್ನಿರಿ," ಎಂದಳು. ದೇವನಹಳ್ಳಿಯ ನಂತರ ಅವಳು ಜಯಕ್ಕನ ಪರವಾಗಿ ಆಡಿದ ಮೊದಲ ಮಾತು ಅದು. ಜಯಕ್ಕ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅದೇ ವೇಗದಲ್ಲಿ, ಹೂಕುಂಡ ಹೇರಿದವರಂತೆ ಗಾಡಿ ಓಡಿಸಿದರು.

ಹೋಟೆಲಿನ ಟೇಬಲ್ಲಿನ ಕೆಳಗೆ ಗಾಲಿ ಇರಲಿಲ್ಲ. ಸಿದ್ದಲಿಂಗಯ್ಯನವರು ಊಟ ಮಾಡುತ್ತಿದ್ದವರ ಕಾಲುಗಳ ನಡುವೆ ಬಗ್ಗಿ ಬಗ್ಗಿ ಹುಡುಕಿದರು. ದುಡ್ಡಿನ ಗಲ್ಲಾದ ಮುಂದೆ ಕೂತಿದ್ದವರು ಅದನ್ನು ನೋಡಿ ಕರೆದರು. ಅವರ ಬೆನ್ನ ಹಿಂದೆ, ದೇವರ ಪಟದ ಕೆಳಗೆ ಬೆಡ್‌ಶೀಟಿನ ಗಂಟು ಗೋಡೆಗೆ ಒರಗಿತ್ತು.

"ನಿಮ್ದಾ ಸಾರ್? ಕ್ಲೀನ್ ಮಾಡೋರು ತಂದುಕೊಟ್ರು. ಸೈಕಲ್ ಇಲ್ದೆ ಬರೀ ಗಾಲಿ ಕರ್ಕೊಂಡು ಊಟಕ್ಕೆ ಬಂದೋರು ಯಾರಪ್ಪ ಅಂತ ಮಾತಾಡ್ಕೋತಾ ಇದ್ವಿ."

ಸಿದ್ದಲಿಂಗಯ್ಯನವರು ಗಾಲಿಯನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದರು. ಜಯಕ್ಕ ಈ ಸಲವೂ ಇಳಿದು ಸೈಕಲ್ಲಿನ ಪಕ್ಕವೇ ನಿಂತಿದ್ದರು. ಸಿದ್ದಲಿಂಗಯ್ಯನವರು ನೇರ ಬಂದು ಗಾಲಿಯನ್ನು ಜಯಕ್ಕನ ಕೈಗೆ ಕೊಟ್ಟರು.

"ಇದನ್ನ ನೀವ ಇಟ್ಕೊಳ್ರಿ ಅಕ್ಕಾರ. ನನ್ ಕೈಯಾಗ ಬ್ಯಾಡ."

ಜಯಕ್ಕ ಹೊಟ್ಟಿನ ಮೂಟೆಗಳ ನಡುವೆ ಜಾಗ ಮಾಡಿ ಗಾಲಿಯನ್ನು ಇಟ್ಟರು. ಸರಪಳಿ ಬಿಚ್ಚಿ, ಗಾಲಿಯ ಕಡ್ಡಿಗಳ ನಡುವೆ ತೂರಿಸಿ, ಸೈಕಲ್ಲನ್ನೂ ಹಲಗೆಗೆ ವೇಣು ಕೂರಿಸಿದ್ದ ಕಬ್ಬಿಣದ ಬಳೆಯನ್ನೂ ಸೇರಿಸಿ ಬೀಗ ಹಾಕಿದರು. ಬಂದು ಕೂತರು. ಕೀಲಿಗೆ ಕೈ ಹಾಕುವ ಮೊದಲೇ ಆಚೆ ತುದಿಯಿಂದ ಪ್ರಶ್ನೆ ಬಂತು.

"ಇಲಿ ಬಂತೇನ್ರಿ?"

"ಬಂತು ಅಣ್ಣಾ," ಎಂದರು ಜಯಕ್ಕ.

ಮೈಸೂರು ತಲುಪಿದಾಗ ಪರೀಕ್ಷೆಯವರು ಮೇಜು ಮಡಿಸುವುದರಲ್ಲಿದ್ದರು. ಸಾಲಿನಲ್ಲಿ ಇವರೇ ಕೊನೆಯವರು. ಅರ್ಪಿತ ಗಾಲಿ ಹಾಕಿ, ಹಿಂದಿನ ಚಕ್ರ ಎತ್ತಿ ಪೆಡಲು ತಿರುಗಿಸಿ, ಗೇರುಗಳನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಬದಲಿಸಿದಳು. ಜಯಕ್ಕ ಕಣ್ಣು ಮುಚ್ಚಿ ಆ ಟಿಕ್ ಟಿಕ್ ಕೇಳಿಸಿಕೊಂಡರು. ಎಲ್ಲೂ ತಡೆಯಲಿಲ್ಲ.

ಮರುದಿನದ ಪಂದ್ಯದ ಬಗ್ಗೆ ಜಯಕ್ಕನಿಗೆ ಹೆಚ್ಚು ಹೇಳಲು ಬರುವುದಿಲ್ಲ. ಹುಡುಗಿಯರೆಲ್ಲ ಒಟ್ಟಿಗೆ ಹೋದರು, ಒಟ್ಟಿಗೆ ಬಂದರು, ಯಾರು ಯಾರೆಂದೇ ತಿಳಿಯಲಿಲ್ಲ ಎನ್ನುತ್ತಾರೆ. ಅರ್ಪಿತ ಹೇಳಿದ್ದು ಇಷ್ಟು: ಕೊನೆಯ ಏರಿನಲ್ಲಿ ಗೇರು ಬದಲಿಸಿದಳು, ಚೈನು ಕೂತಿತು, ನಿಂತು ತುಳಿದಳು. ಅವಳು ಮೊದಲನೆಯವಳಾಗಿ ಬರಲಿಲ್ಲ. ಆದರೆ ಶಿಬಿರಕ್ಕೆ ಆರಿಸಿದವರ ಹೆಸರು ಕೂಗಿದಾಗ ಅವಳ ಹೆಸರು ಇತ್ತು. ಸಿದ್ದಲಿಂಗಯ್ಯನವರು ಉಳಿದಿದ್ದ ತಣ್ಣನೆಯ ವಡೆಗಳನ್ನು ಅಲ್ಲಿದ್ದವರಿಗೆಲ್ಲ ಹಂಚಿದರು.

ವಾಪಸ್ ಬಂದಾಗ ಬೋರಯ್ಯನವರು ಜಗಲಿಯಲ್ಲೇ ಇದ್ದರು. ಹುಡುಗಿ ಆಯ್ಕೆಯಾದಳಾ ಎಂದು ಮೊದಲು ಕೇಳಲಿಲ್ಲ. ಎದ್ದು ಬಂದು ಹಲಗೆಯ ಹಗ್ಗಗಳನ್ನು ಮಿಡಿದು ನೋಡಿ, "ಸಡಿಲ ಆಗಿಲ್ಲ," ಎಂದರು. ದಾರಿಯಲ್ಲಿ ಆದದ್ದನ್ನು ಸಿದ್ದಲಿಂಗಯ್ಯನವರೇ ಹೇಳಿದರು. ಕೇಳಿ ಬೋರಯ್ಯನವರಿಗೆ ಬಹಳ ಸಂತೋಷವಾಯಿತು. ವಿಲ್ಸನ್ ಗಾರ್ಡನ್ನಿನ ಕತೆಯನ್ನು ಮತ್ತೆ ಮೊದಲಿಂದ ಹೇಳಿದರು.

ಶಿಬಿರ ನಡೆಯುವುದು ವಿಜಯಪುರದಲ್ಲಿ. ಹೋಗಲು ದೂರ, ದಾರಿಯಲ್ಲಿ ಹಲವು ಕಡೆ ನಿಲ್ಲಬೇಕು. ಅಂಗಡಿ ಬಿಟ್ಟು ಸಿದ್ದಲಿಂಗಯ್ಯನವರು ಬರುವಂತಿಲ್ಲ. ಅಷ್ಟು ದೂರ ಓಡಿಸುವವರು ಊಟಕ್ಕೆ ಇಳಿಯಲೇಬೇಕು, ಸ್ವಲ್ಪ ಕಣ್ಣು ಮುಚ್ಚಲೇಬೇಕು, ಆಗ ಸೈಕಲ್ಲಿನ ಪಕ್ಕ ಇರುವವರು ಯಾರು ಎಂದು ಜಯಕ್ಕ ಮೊನ್ನೆ ನಮ್ಮ ಮನೆಗೆ ಬಂದು ಅಮ್ಮನನ್ನು ಕೇಳಿದರು. ಅಮ್ಮ ನನ್ನ ಕಡೆ ನೋಡಿದರು. ನಾನು ಹೂಂ ಎಂದೆ.

ಗುರುವಾರ ಬೆಳಿಗ್ಗೆ ಹೊರಡುತ್ತೇವೆ. ಗಾಡಿ ನಿಂತ ಕಡೆಯಲ್ಲೆಲ್ಲ ನಾನು ಸೈಕಲ್ಲಿನ ಪಕ್ಕ ಕೂರುತ್ತೇನೆ. ಜಯಕ್ಕ ಕೇಳಿದಾಗ ಗಾಲಿಯನ್ನು ಮುಟ್ಟಿ ನೋಡಿ, ಬಂತು ಎನ್ನುತ್ತೇನೆ.